ಮಳೆ ಚಪ್ಪಾಳೆ

ಆಗಸ್ಟ್ ೧೪, ಬುಧವಾರ. ಕಬ್ವೆ.

ಆ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ನಮ್ಮೂರಿನ ಹಳೆಯ ಗಣಿಯಿಂದ ಮಣ್ಣಿಗೆ ಸೇರಿರುವ ಸೀಸದ ಬಗ್ಗೆ ಕಾರ್ಯಾಗಾರ, ದೊಡ್ಡ ಹೋಟೆಲಿನಲ್ಲಿ. ನಾನು ಅಲ್ಲಿ ಮಾತಾಡಿದರೆ ಮಗ ಲುಬುಟೋಗೆ ಔಷಧಿ ಸಿಗುತ್ತದೆ ಎಂದು ಕ್ಲಿನಿಕ್ಕಿನ ನರ್ಸ್ ಹೇಳಿದ್ದಳು. ಅದಕ್ಕೇ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹೋದೆ.

ಮೈಕಿನ ಮುಂದೆ ನಿಂತೆ. ಮಗನಿಗೆ ನಾಲ್ಕು ವರ್ಷವಾದರೂ ಮಾತು ಬಂದಿಲ್ಲ, ಅಂಗಳದ ಮಣ್ಣು ತಿನ್ನುತ್ತಾನೆ, ರಕ್ತದಲ್ಲಿ ಸೀಸ ತುಂಬಿದೆ ಎಂದು ಹೇಳುತ್ತಾ ಅತ್ತುಬಿಟ್ಟೆ. ಸಭೆ ನಡೆಸುತ್ತಿದ್ದ ಸಿಕಾಜ್ವೆ ಸಾಹೇಬರು ಎದ್ದು, "ನಮ್ ತಂಗಿಗೊಂದು ಮಳೆ ಚಪ್ಪಾಳೆ ಕೊಡ್ರಪ್ಪಾ!" ಎಂದರು. ಎಲ್ಲರೂ ಅಂಗೈಗೆ ಒಂದು ಬೆರಳು ತಟ್ಟಿದರು, ಆಮೇಲೆ ಎರಡು, ಮೂರು, ಕೊನೆಗೆ ಇಡೀ ಕೈ; ಹನಿಯಿಂದ ಶುರುವಾಗಿ ಜಡಿಮಳೆಯಂಥ ಸದ್ದು. ಲುಬುಟೋ ಕೇಕೆ ಹಾಕಿ ನಕ್ಕ.

ಊಟದ ಮೇಲೆ ರಾಜಧಾನಿಯಿಂದ ಇಲಾಖೆಯ ನಿರ್ದೇಶಕರು ಬಂದರು. "ಇನ್ನೊಂದ್ಸಲ ಹೇಳಮ್ಮ, ಬೆಳಿಗ್ಗೆ ಥರಾನೇ. ಅಳು ಬಂದ್ರೆ ತಡ್ಕೋಬೇಡ," ಎಂದರು ಸಿಕಾಜ್ವೆ. ಹೇಳಿದೆ, ಅತ್ತೆ. ಮತ್ತೆ ಮಳೆ ಸುರಿಯಿತು.

"ಔಷಧಿ ಸಾರ್?" ಎಂದು ಬಾಗಿಲಲ್ಲಿ ಕೇಳಿದೆ.

"ಅದು ಬೇರೆ ಇಲಾಖೆ ಕಣಮ್ಮ. ಟೀ ಶರ್ಟ್ ತಗೊಂಡ್ಯಾ?"

ಮನೆಗೆ ಬಂದು ಅವನ ಬಾಯೊಳಗಿನ ಮಣ್ಣು ತೊಳೆಯುವಾಗ ಅಳು ತಡೆಯಲಾಗಲಿಲ್ಲ. ಅವನು ನನ್ನ ಮುಖ ನೋಡಿದ. ಅಂಗೈಗೆ ಒಂದು ಬೆರಳು ತಟ್ಟಿದ, ಆಮೇಲೆ ಎರಡು. ವರ್ಷಗಟ್ಟಲೆ ಕಲಿಸಿದರೂ 'ಅಮ್ಮ' ಎನ್ನಲು ಬಾರದವನು ಇದನ್ನು ಒಂದೇ ದಿನದಲ್ಲಿ ಕಲಿತುಬಿಟ್ಟ. ನಾನು ಕಣ್ಣೊರೆಸಿಕೊಂಡೆ. ಅವನ ಕೈ ನಿಂತಿತು, ಮುಖ ಸಪ್ಪಗಾಯಿತು.

ಅದಕ್ಕೇ ಮತ್ತೆ ಅತ್ತೆ.