ಮೂರು ಗಡಿಗೆಯ ನೀರು

ಅತನೂರ,
೧೧ ಆಗಸ್ಟ್ ೧೯೪೩

ಜಿಡಗಾದ ತವರಿನಲ್ಲಿ ಬಾಣಂತನದ ಗಾದಿ ಏರಿ ಕುಳಿತಿರುವ ನಿಂಬೆವ್ವಗೆ, ಅತನೂರ ಶಾಲೆಯ ಮಾಸ್ತರನೂ ನಿನ್ನ ಯಜಮಾನನೂ ಆದವನ ಆಶೀರ್ವಾದ. ಕೂಸಿಗೆ ಎರಡು ಮುತ್ತು.

ಮುಂದೆ ಓದುವ ಮೊದಲು ಎದ್ದು ಹೋಗಿ, ಹೋದ ವಾರ ನಾನು ಬಂಡಿಯಲ್ಲಿ ಕಳಿಸಿದ ಮೂರು ಗಡಿಗೆಗಳನ್ನು ಒಡೆದು ಬಾ. ಒಡೆದೆಯಾ? ಇನ್ನು ಓದು.

ಇದ್ದಿಲು, ಉಸುಕು, ಹರಳು ತುಂಬಿ, ಗಡಿಗೆಯ ಮೇಲೆ ಗಡಿಗೆ ಏರಿಸಿ ನಾನು ಕಟ್ಟಿದ ಜಲಶುದ್ಧಿ ಮಹಾಯಂತ್ರದ ಕೀರ್ತಿ ನಿನಗೆ ಗೊತ್ತೇ ಇದೆ. ಮೇಲೆ ಬಾವಿಯ ರಾಡಿ ಸುರಿದರೆ ಕೆಳಗೆ ಕನ್ನಡಿಯಂಥ ನೀರು. ಆ ನೀರಿನ ಗ್ಲಾಸಿನ ಹಿಂದೆ ಪಂಚಾಂಗ ಹಿಡಿದು ಓದಿ ತೋರಿಸಿ, ಊರಿಗೆಲ್ಲ ಭರವಸೆ ಕೊಟ್ಟವನು ನಾನು. ನೀನೊಬ್ಬಳೇ, “ಕಣ್ಣಿಗೆ ಕಾಣೂದು ಸೋಸಿದ್ರಿ, ಕಾಣಲಾರದ್ದು ಎಲ್ಲಿ ಹೋತ್ರಿ?” ಎಂದು ಕೇಳಿದ್ದೆ. ಮಠದಲ್ಲಿ ನಾಲ್ಕಕ್ಷರ ಕಲಿತವಳು ಮಾಸ್ತರನಿಗೆ ಪಾಠ ಹೇಳಬಾರದೆಂದು ನಕ್ಕೆ. ಬಾಣಂತಿಗೆ ಕಾಸಿದ ನೀರು ಕೊಡುವುದು ಮುದುಕಿಯರ ಶಾಸ್ತ್ರ, ಈ ನೀರಿಗೆ ಒಲೆಯ ಹಂಗಿಲ್ಲ ಎಂದು, ನಿನಗೆಂದೇ ಕಟ್ಟಿದ ಅಂಥದೇ ಮೂರು ಗಡಿಗೆಯ ಜೊತೆ ಚೀಟಿಯನ್ನೂ ಕಳಿಸಿದೆ. ಅದನ್ನು ಒಲೆಗೆ ಹಾಕು. ನೀರು ಕಾಸಲಾದರೂ ಉಪಯೋಗ ಬೀಳಲಿ.

ಊರಿಗೆ ಕಾಲರಾ ಬಂದಿದೆ. ನನ್ನ ಮಾತು ನಂಬಿ ನೀರು ಕಾಸುವುದನ್ನು ಬಿಟ್ಟ ಮನೆಗಳನ್ನೇ ಹುಡುಕಿಕೊಂಡು ಬಂದಂತಿದೆ. ಯಂತ್ರಕ್ಕೆ ಮೊದಲು ಹಾರ ಹಾಕಿದ ಅಮೋಘಸಿದ್ದ ಶುಕ್ರವಾರ ಹೋದ. ಅಫಜಲಪುರದ ದವಾಖಾನೆಯಿಂದ ಬಂದ ಕಂಪೌಂಡರ್ ಮುರ್ತುಜಾ ಗಡಿಗೆಯೊಳಗೆ ಇಣುಕಿ, “ಮಾಸ್ತರ, ನಿಮ್ಮ ಉಸುಕು ರಾಡಿ ಹಿಡೀತೈತ್ರಿ, ಬ್ಯಾನಿ ಹಿಡಿಯಂಗಿಲ್ರಿ. ಕುದಿಸಿದ್ರ ಸಾಯತಿತ್ತು,” ಎಂದ. ಪಂಚಾಂಗ ಓದಲು ಬರುವಷ್ಟು ತಿಳಿಯಾಗಿದೆಯಲ್ಲ ಎಂದೆ. “ಓದ್ರಿ. ಕುಡೀಬ್ಯಾಡ್ರಿ,” ಎಂದ.

ಅವ್ವನ ಸುದ್ದಿ ಕೇಳುತ್ತೀ. ಎರಡು ದಿನದಿಂದ ನನ್ನನ್ನು ಒಮ್ಮೆಯೂ ಬೈದಿಲ್ಲ. ಅತ್ತೆಯ ಬಾಯಿ ನಿಂತ ಲೋಕಾಶ್ಚರ್ಯ ನೋಡಲೆಂದು ನೀನು ಹೊರಟು ಬರಬೇಡ. ನಾನು ಕರೆಯುವ ತನಕ ಅಲ್ಲೇ ಇರು.

ನಿಂಬೆವ್ವ, ಕೂಸಿನ ಬಾಯಿಗೆ ಆ ನೀರು ಹಾಕಿದ್ದೀಯಾ? ನೀನು ನನ್ನ ಮಾತು ಎಂದೂ ಕೇಳಿದವಳಲ್ಲ. ಈ ಸಲವೂ ಕೇಳಿಲ್ಲ ಎಂದು ಒಂದೇ ಸಾಲು ಬರಿ. ಆಳಂದದ ಕಡೆ ಹೊರಟಿರುವ ಮುರ್ತುಜಾ ಈ ಕಾಗದ ತರುತ್ತಾನೆ. ಉತ್ತರ ಕೈಗೆ ಬರುವ ತನಕ ನಿಮ್ಮ ಬಾಗಿಲು ಬಿಟ್ಟು ಕದಲಬಾರದೆಂದು ಅವನ ಕಾಲು ಹಿಡಿದಿದ್ದೇನೆ.

ನಿನ್ನ,
ಗಡಿಗೆ ಪಂಡಿತ ಶಿವರಾಯ

ತಾ.ಕ.: ಮೇಲೆ ಬರೆಯಲು ಕೈ ಏಳಲಿಲ್ಲ. ಅವ್ವನನ್ನು ಮೊನ್ನೆ ಹೊಲದಲ್ಲಿ ಮಣ್ಣು ಮಾಡಿದೆವು. ಕೊನೆಗೆ ಕುದಿಸಿ ಆರಿಸಿದ ನೀರು ತಂದರೆ ಬಾಯಿ ತೆರೆಯಲಿಲ್ಲ. “ನೀ ಮಾಡಿದ ಗಡಿಗೀ ನೀರ ಕೊಡೋ ಶಿವ್ಯಾ,” ಎಂದಳು. ಇದು ಅದೇ ಎಂದು ಸುಳ್ಳು ಹೇಳಿ ಕುಡಿಸಿದೆ. “ಅದಕ್ಕ ಇಷ್ಟು ರುಚಿ ಐತಿ,” ಎಂದಳು.