ಒಂಬತ್ತು ದಿನ ನಿಂತ ಲಸಿಕೆ

ಕೃಷ್ಣೆಯ ನಡುಗಡ್ಡೆ
ಆಷಾಢದ ಮೂವತ್ತಾರನೆಯ ದಿನ, ಮೂರನೆಯ ಮಹಾನೆರೆಯಾಗಿ ಎಪ್ಪತ್ತೊಂದನೆಯ ವರ್ಷ

ನಮಗಿಂತ ಇನ್ನೂರು ವರ್ಷ ಹಿಂದಿನವರಿಗೆ ದ್ಯಾವಮ್ಮನ ಶರಣು.

ಆಷಾಢಕ್ಕೆ ಮೂವತ್ತಾರು ದಿನ ಎಲ್ಲಿಂದ ಬಂದವೆಂದು ನೀವು ಕೇಳಬಹುದು. ಹೊಳೆ ಇಳಿಯುವ ತನಕ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮ್ಮ ಕಿವಿಗೆ ಹೊಸದಾಗಿ ಕೇಳಿಸಬಹುದು, ಮನ್ನಿಸಿ. ಸತ್ತವರಿಗೂ ಇನ್ನೂ ಹುಟ್ಟದವರಿಗೂ ಕಾಗದ ಬರೆದು ಹೊಳೆಗೆ ಬಿಡುವುದು ಇಲ್ಲಿಯ ರೂಢಿ. ನಿಮಗೆ ಇದು ತಲುಪುವ ದಾರಿ ನನಗೆ ತಿಳಿಯದು. ಆದರೂ ಬರೆಯುತ್ತಿದ್ದೇನೆ.

ಸೂಲಗಿತ್ತಿ ಎಂಬ ಮಾತು ನಿಮಗೆ ಗೊತ್ತು. ಅದರ ಹಾಗೆಯೇ ಕಟ್ಟಿಕೊಂಡ ಪದ ಕೇಳಗಿತ್ತಿ. ಹೊಸ ಲಸಿಕೆ ಹಾಕಿಸಿಕೊಂಡವರ ಮನೆಗೆ ನಲವತ್ತೆರಡು ದಿನ ತಪ್ಪದೆ ಹೋಗಿ, ಮೈಯಲ್ಲಿ ಏನೇನಾಯಿತೆಂದು ಕೇಳಿ ಬರೆದುಕೊಳ್ಳುವವಳು ಆಕೆ. ನಾನು ಆ ಕೆಲಸದವಳು. ಜ್ವರ ಬಂತೇ, ತೋಳು ಬಾತಿತೇ ಎಂದು ಕೇಳಿದರೆ ಜನ ಸೊಸೆಯ ಮೇಲಿನ ದೂರನ್ನೂ ಮೇಕೆ ಈದ ಸುದ್ದಿಯನ್ನೂ ಹೇಳುತ್ತಾರೆ. ಅದನ್ನೆಲ್ಲ ಕೇಳಬೇಕು. ಅದರ ನಡುವೆಯೇ ಎಲ್ಲೋ ಒಂದು ಕಡೆ, ನಿನ್ನೆಯಿಂದ ಕಣ್ಣು ಮಂಜಾಗಿದೆ ಎಂಬ ಮಾತು ಬಂದುಬಿಡುತ್ತದೆ.

ಹನ್ನೊಂದು ವರ್ಷದ ಹಿಂದೆ ನಸುಕುಜ್ವರ ಹಬ್ಬಿತು. ನಸುಕಿನಲ್ಲಿ ಮೈ ಕಾದರೆ ಮಧ್ಯಾಹ್ನದ ಹೊತ್ತಿಗೆ ಮಕ್ಕಳು ತಾಯಿಯ ಗುರುತು ಹಿಡಿಯುತ್ತಿರಲಿಲ್ಲ, ಮೂರು ದಿನದಲ್ಲಿ ಎಲ್ಲ ಮುಗಿಯುತ್ತಿತ್ತು. ಅದರ ಲಸಿಕೆಗಾಗಿ ನಾಡು ಎರಡು ವರ್ಷ ಸಿದ್ಧತೆ ನಡೆಸಿತು. ಬಿಸಿಲಿನ ಬಲದಿಂದಲೇ ತಣ್ಣಗಿರುವ ತಂಪುಗಡಿಗೆಗಳು ಹರಿಗೋಲಿನಲ್ಲಿ ಬಂದವು. ಒಡೆಯದಂತೆ ಅವನ್ನು ಹೊರುವುದನ್ನು ನಾವು ನೀರು ತುಂಬಿದ ಕೊಡ ಹೊತ್ತು ಕಲಿತೆವು. ಊರೂರಿಗೆ ಕೇಳಗಿತ್ತಿಯರು ನೇಮಕವಾದರು. ಲಸಿಕೆಯ ನಂತರ ಯಾರಾದರೂ ಸತ್ತರೆ ನಾವು ಕಳಿಸಬೇಕಾದ ಕರೆಗೆ ನಿಲ್ಗರೆ ಎಂದು ಹೆಸರು. ಅದು ಹೋದ ಗಳಿಗೆಯಿಂದ ಸಾವಿನ ಕಾರಣ ತಿಳಿಯುವವರೆಗೆ ಇಡೀ ತಾಲೂಕಿನಲ್ಲಿ ಯಾರಿಗೂ ಸೂಜಿ ಚುಚ್ಚುವಂತಿಲ್ಲ.

ಹೊರಗಿನವರೊಡನೆ ಹೆಚ್ಚು ಬೆರೆಯುವವರಿಗೆ ಮೊದಲ ಸರದಿ, ಮಕ್ಕಳಿಗೆ ಎರಡನೆಯದು. ನಮ್ಮ ಹರಿಗೋಲು ನಡೆಸುತ್ತಿದ್ದವಳು ಮೆಹಬೂಬಿ, ನನ್ನ ಓರಗೆಯವಳು, ಗೆಳತಿ. ಅವಳು ತೋಳು ಕೊಡಲು ಒಪ್ಪಲಿಲ್ಲ. “ನನಗೇನರ ಆದ್ರ ಯಾರಿಗೂ ತಿಳೀದಂಗ ಮಣ್ಣು ಮಾಡಿಬಿಡ್ತೀರಿ ನೀವು,” ಎಂದಳು. “ನಿನಗೇನರ ಆದ್ರ ನಾನು ಮುಚ್ಚಿಡಂಗಿಲ್ಲ, ನೀಲಮ್ಮನ ಆಣಿ,” ಎಂದೆ. ನೀಲಮ್ಮ ನನ್ನ ಮಗಳು, ಆಗ ಹತ್ತು ವರ್ಷ. ಮೆಹಬೂಬಿ ನನ್ನ ಮುಖ ನೋಡಿ ತೋಳು ಚಾಚಿದಳು.

ಆರನೆಯ ದಿನ ಅವಳು ನಡುಹೊಳೆಯಲ್ಲಿ ತಲೆ ಹಿಡಿದುಕೊಂಡು ಕುಸಿದಳು. ಹರಿಗೋಲು ದಡ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಸುದ್ದಿ ತಿಳಿದು ತಾಲೂಕಿನ ಲಸಿಕಾಧಿಕಾರಿ ಸಂಗನಬಸವ ಅವರು ಬಂದರು. ಕೆಟ್ಟವರಲ್ಲ. ಎರಡು ವರ್ಷ ಸರಿಯಾಗಿ ನಿದ್ದೆ ಮಾಡದವರು. ನನ್ನನ್ನು ಒಂದು ಬದಿಗೆ ಕರೆದು ಹೇಳಿದರು: “ದ್ಯಾವಮ್ಮ, ಎರಡು ದಿನ ತಡಿಯವ್ವ. ನಾಳೆ ನಾಡಿದ್ದರಾಗ ಮಕ್ಕಳ ಸರದಿ ಮುಗೀತದ. ನಿನ್ನ ಮಗಳೂ ಅದರಾಗ ಅದಾಳ. ಆಮ್ಯಾಲ ಕಳಿಸು, ನಾ ಬ್ಯಾಡ ಅನ್ನಂಗಿಲ್ಲ.”

“ಈ ಲಸಿಕೀಲೆ ಸತ್ತಿದ್ರ ಹೆಂಗ್ರಿ ಸಾಹೇಬ್ರ? ಅದನ್ನ ಮಕ್ಕಳಿಗೆ ಹಾಕೂದೇನ್ರಿ? ಆಕಿಗೆ ಮಾತು ಕೊಟ್ಟೀನ್ರಿ.”

ನಾನು ನಿಲ್ಗರೆ ಕಳಿಸಿದೆ.

ಸಂಜೆ ನೀಲಮ್ಮ ಓಡಿ ಬಂದು, “ಯವ್ವಾ, ನಾಳೆ ಸೂಜಿ ಇಲ್ಲಂತ, ಖರೇನಾ?” ಎಂದು ಕೇಳಿದಳು. ಹೌದು ಎಂದೆ. ಅವಳು ಅಂಗಳದಲ್ಲಿ ಕುಣಿದಳು. ಅವಳ ಸಂಗಡ ಇನ್ನೂ ನಾಲ್ಕೈದು ಮಕ್ಕಳು ಕುಣಿದವು. ಗೆಳತಿ ಸತ್ತ ದಿನ ಮನೆಯಲ್ಲಿ ಕುಣಿತವೇ ಎಂದು ನಾನು ಗದರಿದೆ. ಅದೊಂದು ಗದರಿಕೆ ನನಗೆ ಇಂದಿಗೂ ಉಳಿದಿದೆ.

ಮೆಹಬೂಬಿಯ ದೇಹ ನಗರ ಸೇರಲು ಎರಡು ದಿನ ಹಿಡಿಯಿತು. ಸಾವಿನ ಕಾರಣ ಹುಡುಕುವ ಪರೀಕ್ಷಕ ಮೂರು ಜಿಲ್ಲೆಗೆ ಒಬ್ಬನೇ, ಅವನೂ ಜ್ವರದಲ್ಲಿ ಮಲಗಿದ್ದ. ಇನ್ನೊಬ್ಬನನ್ನು ಕರೆಸಬೇಕಾಯಿತು. ನಿಲ್ಗರೆ ಹೋದ ಐದನೆಯ ದಿನ ನಸುಕಿನಲ್ಲಿ ನೀಲಮ್ಮ ನನ್ನ ಸೆರಗು ಹಿಡಿದೆಳೆದು, “ಯವ್ವಾ, ಚಳಿ,” ಎಂದಳು. ಮಧ್ಯಾಹ್ನ ನನ್ನನ್ನು ನೋಡಿ, “ನೀವ್ಯಾರ್ರೀ?” ಎಂದು ಮರ್ಯಾದೆಯಿಂದ ಕೇಳಿದಳು. ಎಂಟನೆಯ ದಿನ ತೀರಿಹೋದಳು. ನಡುಗಡ್ಡೆಯಲ್ಲಿ ಒಟ್ಟು ಏಳು ಮಕ್ಕಳು ಹೋದವು. ತಂಪುಗಡಿಗೆ ನನ್ನ ಮನೆಯ ಪಡಸಾಲೆಯಲ್ಲೇ ಇತ್ತು. ಅದರೊಳಗೆ ಲಸಿಕೆ ತಣ್ಣಗೆ, ಸ್ವಲ್ಪವೂ ಕೆಡದೆ ಇತ್ತು.

ಒಂಬತ್ತನೆಯ ದಿನ ಕಾಗದ ಬಂತು. ಮೆಹಬೂಬಿಯ ಮಿದುಳಿನ ರಕ್ತನಾಳವೊಂದು ವರ್ಷಗಳಿಂದ ಉಬ್ಬಿಕೊಂಡಿದ್ದು ಅಂದು ಒಡೆದಿತ್ತು. ಲಸಿಕೆಗೂ ಸಾವಿಗೂ ಸಂಬಂಧವಿರಲಿಲ್ಲ. ಪರೀಕ್ಷೆಗೆ ಹಿಡಿದದ್ದು ಅರ್ಧ ದಿನ ಮಾತ್ರ.

ಆ ಕಾಗದವನ್ನು ಹೊಳೆದಂಡೆಯಲ್ಲಿ ಜನರೆದುರು ಓದುವುದು ಕೇಳಗಿತ್ತಿಯ ಕೆಲಸ. ಓದಿದೆ. ಸೂಜಿಗೆ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಮೆಹಬೂಬಿಯ ತಾಯಿ ಕಾಸೀಂಬಿ ಕೋಲೂರಿಕೊಂಡು ಎದ್ದು ಬಂದಳು. “ನನ್ನ ಮಗಳ ಸಾವು ನೀ ಮುಚ್ಚಿಡಲಿಲ್ಲ. ನನಗ ಹಾಕಸವ್ವ,” ಎಂದಳು. ಅವಳ ಹಿಂದೆ ಬಂದವಳು ಹುಲಿಗೆಮ್ಮ. ಅವಳ ದೊಡ್ಡ ಮಗ ಆ ಏಳರಲ್ಲೊಬ್ಬ. ಉಳಿದ ಚಿಕ್ಕ ಮಗಳ ತೋಳನ್ನು ಮುಂದೆ ಹಿಡಿದಳು, ನನ್ನ ಮುಖ ನೋಡಲಿಲ್ಲ. ಅಂದಿನಿಂದ ಇಂದಿನವರೆಗೂ ನೋಡಿಲ್ಲ. ಸೂರ್ಯ ಮುಳುಗುವಷ್ಟರಲ್ಲಿ ನಡುಗಡ್ಡೆಯಲ್ಲಿ ಲಸಿಕೆ ಹಾಕಿಸಿಕೊಳ್ಳದವರು ಒಬ್ಬರೂ ಉಳಿಯಲಿಲ್ಲ. ಜ್ವರ ಮತ್ತೆ ಇಲ್ಲಿಗೆ ಬರಲಿಲ್ಲ.

ಹೊಳೆಯಾಚೆಯ ತಾಲೂಕಿನಲ್ಲಿ ಅಂಥದೇ ಒಂದು ಸಾವನ್ನು ಮುಚ್ಚಿಟ್ಟರು. ತಿಂಗಳಾದ ಮೇಲೆ ಅದು ಹೊರಬಿತ್ತು. ಅರ್ಧ ಜನ ಬಾಗಿಲು ಹಾಕಿಕೊಂಡರು, ಜ್ವರ ಅಲ್ಲಿ ಮೂರು ವರ್ಷ ನಿಂತಿತು. ನೀನು ಮಾಡಿದ್ದೇ ಸರಿ ಎಂದು ಸಂಗನಬಸವ ಅವರೇ ಬಂದು ನನ್ನೆದುರು ಕೂತು ಅತ್ತರು. ಸರಿ ಎಂಬುದು ನನಗೂ ಗೊತ್ತು. ಗೊತ್ತಿದ್ದೂ ಬೆಳಗಾದರೆ ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತೇನೆ.

ಈ ವರ್ಷ ಹೊಸ ಕೇಳಗಿತ್ತಿಯರಿಗೆ ಪಾಠ ಹೇಳಲು ನಮ್ಮ ಕೈಪಿಡಿಯನ್ನು ಮೊದಲಿನಿಂದ ಓದಿದೆ. ಅದು ನಿಮ್ಮ ಕಾಲದ ಸಿದ್ಧತೆಯ ಪುಸ್ತಕದ ನಕಲಿನ ನಕಲು. ಲಸಿಕೆಯನ್ನು ತಣ್ಣಗಿಡುವುದಕ್ಕೆ ಅದರಲ್ಲಿ ಹನ್ನೊಂದು ಪುಟ ಇವೆ. ಸಾವಿನ ಕಾರಣ ಹುಡುಕುವುದಕ್ಕೆ ಇರುವುದು ಒಂದೇ ಸಾಲು: “ಅಗತ್ಯ ಬಿದ್ದಾಗ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು.” ನೀವು ಬರೆದದ್ದನ್ನು ಇನ್ನೂರು ವರ್ಷ ಯಾರೂ ತಿದ್ದಲಿಲ್ಲ. ನಾನೂ ತರಬೇತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಪುಟ ತಿರುವಿದವಳೇ.

ನಿಮ್ಮ ಪುಸ್ತಕದ ಮಸಿ ಇನ್ನೂ ಆರಿಲ್ಲವಾದರೆ ಆ ಸಾಲನ್ನು ಹೊಡೆದುಹಾಕಿ. ಅಲ್ಲಿ ಒಬ್ಬ ಪರೀಕ್ಷಕನ ಹೆಸರು ಬರೆಯಿರಿ. ಅವನು ಮಲಗಿದರೆ ಬರುವವನ ಹೆಸರನ್ನೂ ಬರೆಯಿರಿ. ಹೊಳೆ ತುಂಬಿದಾಗ ಅವನನ್ನು ಕರೆತರುವ ದೋಣಿ ಯಾವುದೆಂದು ಬರೆಯಿರಿ. ಲಸಿಕೆ ನಿಲ್ಲಿಸಬೇಡಿ ಎಂದು ನಾನು ಕೇಳುತ್ತಿಲ್ಲ. ನಿಲ್ಲಿಸಿ, ಒಂದೇ ದಿನ ನಿಲ್ಲಿಸಿ. ಇಷ್ಟನ್ನು ಮಾಡಿದರೆ ನಮ್ಮಲ್ಲಿ ಏನು ಬದಲಾಗುತ್ತದೋ, ಬದಲಾಗುತ್ತದೋ ಇಲ್ಲವೋ, ನನಗೆ ತಿಳಿಯದು.

ನಿಮ್ಮ ಮಕ್ಕಳು ಚೆನ್ನಾಗಿರಲಿ. ಇಲ್ಲಿ ಹೆಂಗಸರು ಕಾಗದದ ಕೆಳಗೆ ಮಕ್ಕಳ ಹೆಸರು ಹಾಕಿ ರುಜು ಮಾಡುತ್ತಾರೆ. ನನ್ನದನ್ನು ಬದಲಿಸಿಕೋ ಎಂದು ಯಾರೂ ಹೇಳಿಲ್ಲ.

ನೀಲಮ್ಮನ ತಾಯಿ