ತಿಳಿನೀರಿಗೆ ಚಿಕ್ಕ ನೊಣ

ಟೆಲ್ಕ್ವಾ,
ಸೆಪ್ಟೆಂಬರ್ ಕೊನೆಯ ಬುಧವಾರ

ಪ್ರಿಯ ಹಾರ್ಮ್,

ಮೀನು ಇರುವಲ್ಲಿ ಮನುಷ್ಯ ನಿಲ್ಲುತ್ತಾನೆ, ಮನುಷ್ಯ ನಿಲ್ಲಬೇಕಾದಲ್ಲಿಗೆ ಗಾಳ ಎಸೆಯುತ್ತಾನೆ ಅಂತ ಏನೋ ಒಂದು ಮಾತಿತ್ತಲ್ಲ. ನಿಮ್ಮಪ್ಪ ಹೇಳುತ್ತಿದ್ದರೋ, ಗೇರ್ಟ್ ಮಾಮನೋ, ನೆನಪಿಲ್ಲ. ಮಾತು ಹೀಗೆಯೇ ಇತ್ತೆಂಬ ಖಾತ್ರಿಯೂ ಇಲ್ಲ. ನಿನ್ನ ಪತ್ರ ಬಂದಾಗಿನಿಂದ ಅದು ತಲೆಯಲ್ಲಿ ಸುತ್ತುತ್ತಿದೆ.

ಎಡಗೈಯಲ್ಲಿ ಬರೆದದ್ದನ್ನು ಓದಲು ಕಷ್ಟವಾಗಲಿಲ್ಲ. ನಿನ್ನ ಬಲಗೈ ಬರಹಕ್ಕಿಂತ ಇದೇ ಸ್ಪಷ್ಟವಾಗಿದೆ. ಬೇಸಿಗೆಯಲ್ಲಿ ಪಾರ್ಶ್ವವಾಯು ಬಡಿದದ್ದು, ಬಲಗೈ ಬೆರಳುಗಳು ಇನ್ನೂ ಮಡಚದಿರುವುದು, ಇಷ್ಟನ್ನು ಒಂದು ಸಾಲಿನಲ್ಲಿ ಮುಗಿಸಿ ಉಳಿದ ಪುಟವನ್ನೆಲ್ಲ ನೊಣಗಳಿಗೆ ಕೊಟ್ಟಿದ್ದೀಯ. ಅಕ್ಟೋಬರಿನ ಸ್ಟೀಲ್‌ಹೆಡ್ ಮೀನಿಗೆ ಗಾಳದ ಮೇಲೆ ಗರಿ ನೂಲಿನ ಯಾವ ಹುಸಿ ನೊಣ ಕಟ್ಟಬೇಕು, ದೊಡ್ಡದೋ ಚಿಕ್ಕದೋ, ಒಂದೇ ಕೈಯವನು ಎಷ್ಟು ದೂರ ಎಸೆಯಬಹುದು. ಪುಟದ ಅಡಿಯಲ್ಲಿ, ಮನೆಯ ಹಿಂದಿನ ಕೋಣೆ ಖಾಲಿಯಿದೆಯೇ ಎಂದು ಕೇಳಿದ್ದೀಯ. ನೀನು ಕೇಳುತ್ತಿರುವುದು ಕೋಣೆಯನ್ನಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಈ ಮನೆ ಬಿಟ್ಟು ಕರಾವಳಿಯ ಪ್ರಿನ್ಸ್ ರೂಪರ್ಟ್‌ಗೆ ಹೋದ ಮೇಲೆ ಮರಳಿ ಬರುವ ಮಾತನ್ನು ನೀನು ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಇರಲಿ. ಕೇಳಿದ ಕ್ರಮದಲ್ಲೇ ಉತ್ತರಿಸುತ್ತೇನೆ.

ನೊಣದ ವಿಷಯ. ಮಳೆ ಬಿದ್ದರೆ ಟೆಲ್ಕ್ವಾ ಹೊಳೆ ಕೆಸರು ತಂದು ಬಲ್ಕ್ಲಿ ನದಿಗೆ ಸುರಿಯುತ್ತದೆ. ಸಂಗಮದ ಕೆಳಗೆ ಆಗ ಮೊಲದ ತುಪ್ಪಳದ ದೊಡ್ಡ ಕಪ್ಪು ನೊಣವೇ ಬೇಕು, ನೀನು ಇಷ್ಟಪಡುತ್ತಿದ್ದಂಥದ್ದು. ಆದರೆ ಈ ವರ್ಷ ಮಳೆಯಿಲ್ಲ. ಸಂಗಮದ ಮೇಲಿನ ಮಡುವಿನಲ್ಲಿ ತಳದ ಕಲ್ಲುಗಳ ಬಣ್ಣ ಕಾಣುತ್ತದೆ. ಅಲ್ಲಿಗೆ ಚಿಕ್ಕದು ಸಾಕು: ನೇರಳೆ ನೂಲಿನ ತೆಳು ಮೈ, ಕೋಳಿಯ ಕಪ್ಪು ಗರಿ ಒಂದೇ ಸುತ್ತು, ಜಿಂಕೆಯ ಕೂದಲಿನ ರೆಕ್ಕೆ. ಅದು ಯಾವ ಹುಳುವನ್ನೂ ಹೋಲುವುದಿಲ್ಲ. ಹೋಲಬೇಕಾಗಿಯೂ ಇಲ್ಲ. ಕಡಲಿನಿಂದ ಮರಳಿದ ಮೀನಿಗೆ ಹೊಳೆಯಲ್ಲಿ ಹಸಿವು ಅಷ್ಟಾಗಿ ಇರುವುದಿಲ್ಲ ಎನ್ನುತ್ತಾರೆ. ಆದರೂ ಎದುರಿಗೆ ಹಾದುಹೋಗುವ ಈ ಗರಿ ನೂಲಿನ ತುಣುಕಿಗೆ ಬಾಯಿ ಹಾಕುತ್ತದೆ. ಯಾಕೆಂದು ತಿಳಿದವರನ್ನು ನಾನು ಕಂಡಿಲ್ಲ. ನಾನು ಕಟ್ಟುತ್ತೇನೆ, ಅಷ್ಟೆ.

ದೂರದ ವಿಷಯಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಹಾಗಾಗಿ ಸೋಮವಾರ ಬೆಳಿಗ್ಗೆ ಮಡುವಿಗೆ ಹೋದೆ. ಚರ್ಚಿನವರು ಯಾರೂ ಭಾನುವಾರ ನೀರಿಗೆ ಇಳಿಯದಿರುವುದರಿಂದ ಸೋಮವಾರ ಮೀನುಗಳ ಬೆದರು ಕಳೆದಿರುತ್ತದೆ. ಬಲಗೈಯನ್ನು ಕೋಟಿನ ಜೇಬಿಗೆ ಹಾಕಿ ಮೇಲಿನಿಂದ ಗುಂಡಿ ಹಾಕಿದೆ. ಎಡಗೈಯಲ್ಲಿ ಎಸೆದ ದಾರ ಮೊದಲು ನನ್ನ ಟೋಪಿಗೇ ಸುತ್ತಿಕೊಂಡಿತು.

ಗೇರ್ಟ್ ಮಾಮ ದಡದ ಮೇಲೆ ಕೂತಿದ್ದರು. ಈಗಲೂ ದಿನಾ ಬರುತ್ತಾರೆ, ಮಂಡಿ ನೋವೆಂದು ನೀರಿಗಿಳಿಯುವುದು ಕಡಿಮೆ.

"ಏನೇ ಆಲಿಡಾ, ನಿನ್ನೆ ಕಾಣಿಕೆ ತಟ್ಟೇಲಿ ಬಲಗೈನೇ ಹಾಕ್ಬಿಟ್ಯಾ?" ಎಂದರು.

ಪರೀಕ್ಷೆ ಮಾಡ್ತಿದೀನಿ ಮಾಮ, ಎಂದೆ.

"ಯಾರಿಗೋಸ್ಕರ ಅಂತ ಕೇಳಲ್ಲ ಬಿಡು. ರೂಪರ್ಟ್‌ನಿಂದ ಕಾಗದ ಬಂದದ್ದು ಅಂಚೆಯವಳು ನನಗೆ ನಿನಗಿಂತ ಮೊದಲೇ ಹೇಳಿದಾಳೆ." ಮತ್ತೆ ಅವರೇ, "ಆ ಹಾರ್ಮ್ ಎದೆಮಟ್ಟ ನೀರಿಗೆ ಇಳೀದೆ ಗಾಳ ಹಾಕ್ತಾನೆ ಅಂದ್ರೆ, ನಾನು ಭಾನುವಾರ ಮೀನು ಹಿಡೀತೀನಿ, ಪಾದ್ರಿ ಎದುರಿಗೇ" ಎಂದರು.

ಅವರ ಮಾತು ಸುಳ್ಳಲ್ಲ. ನೀನು ಯಾವಾಗಲೂ ನದಿಯ ನಡುವಿಗೆ ನಡೆದು ಆಚೆ ದಡದ ಬಂಡೆಯವರೆಗೆ ಎಸೆಯುತ್ತಿದ್ದೆ. ಚೆನ್ನಾಗಿ ಎಸೆಯುತ್ತಿದ್ದೆ; ಜನ ನಿಂತು ನೋಡುತ್ತಿದ್ದರು. ನಾವೆಲ್ಲರೂ ಮಾಡುವ ತಪ್ಪು ಅದು, ಯಾರೂ ಬಿಡುವುದಿಲ್ಲ. ಮೊನ್ನೆ ನನ್ನ ಕೈಲಿ ದೂರ ಎಸೆಯಲು ಆಗಲಿಲ್ಲ, ಎಡಗೈಗೆ ಭಾರವಾಗುತ್ತದೆಂದು ಆಳಕ್ಕೂ ಹೋಗಲಿಲ್ಲ. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಮೂರಾಳುದ್ದದ ದಾರ ಬಿಟ್ಟು, ಹರಿವು ನೊಣವನ್ನು ನಮ್ಮ ದಡದ ಕಡೆಗೇ ತಿರುಗಿಸಿ ತರಲು ಬಿಟ್ಟೆ. ಎರಡು ಹೆಜ್ಜೆ ಕೆಳಗೆ, ಮತ್ತೆ ಅದೇ.

ದಡಕ್ಕೆ ಹತ್ತಿರ, ಮೊಣಕಾಲುದ್ದದ ನೀರಿನಲ್ಲಿ, ಮೀನು ಬಾಯಿ ಹಾಕಿತು. ನಾವಿಬ್ಬರೂ ಇಷ್ಟು ವರ್ಷ ತುಳಿದು ದಾಟಿ ಹೋಗುತ್ತಿದ್ದ ಜಾಗ.

ನಾನು ಗಾಳದ ಕೋಲು ಎತ್ತಲಿಲ್ಲ. ಅದು ತಾನೇ ತಿರುಗಿ ಗಾಳ ಕಚ್ಚಿಕೊಂಡಿತು. ಕೋಲಿನ ಬುಡವನ್ನು ಕಂಕುಳಲ್ಲಿ ಒತ್ತಿಕೊಂಡರೆ ಎಡಗೈಯಿಂದ ರೀಲು ಸುತ್ತಬಹುದು. ಹಿಂದಕ್ಕೆ ಹೆಜ್ಜೆ ಹಾಕುತ್ತಾ ಮೀನನ್ನು ಅಂಚಿಗೆ ತರಬಹುದು. ಅಲ್ಲಿಯವರೆಗೆ ಒಂದು ಕೈ ಸಾಕು. ಆಮೇಲೆ ಸಾಲದು. ಬಾಲ ಹಿಡಿದರೆ ಗಾಳ ಬಿಡಿಸಲಾಗದು, ಗಾಳ ಹಿಡಿದರೆ ಮೀನು ಹೊರಳುತ್ತದೆ. ನೀರಿನಿಂದ ಎತ್ತುವಂತಿಲ್ಲ, ಇಲ್ಲಿನ ನಿಯಮದಂತೆ ಜೀವಂತ ಬಿಟ್ಟುಬಿಡಲೇಬೇಕಾದ ಮೀನು. ಮಾಮನನ್ನು ಕರೆದೆ.

"ಬಲಗೈ ಜೇಬಲ್ಲೇ ಇದ್ಯಲ್ಲೇ, ತೆಗಿ."

ತೆಗೆಯೋ ಹಾಗಿಲ್ಲ, ಎಂದೆ.

"ಆಟದಲ್ಲೂ ಮೋಸ ಮಾಡಕ್ಕೆ ಬರಲ್ವಲ್ಲೇ ನಿನಗೆ," ಎಂದು ಗೊಣಗುತ್ತಾ ಬೂಟು ಸಮೇತ ನೀರಿಗಿಳಿದು, ಎರಡೂ ಕೈಯಲ್ಲಿ ಹಿಡಿದುಕೊಂಡರು. ಹೆಣ್ಣು ಮೀನು, ಕೆನ್ನೆಯಲ್ಲಿ ಕೆಂಪು ಆಗಷ್ಟೇ ಏರುತ್ತಿತ್ತು. ಗಾಳ ಬಿಡಿಸಿದ ಮೇಲೂ ಸ್ವಲ್ಪ ಹೊತ್ತು ಅವರ ಕೈಗಳ ನಡುವೆಯೇ ನಿಂತಿದ್ದು, ನಂತರ ಹೋಯಿತು. ನಾನು ಜೇಬಿನ ಗುಂಡಿ ಬಿಚ್ಚಿದೆ. ಕೈ ಜೋಮು ಹಿಡಿದಿತ್ತು. ನಿನ್ನ ಕೈ ಸದಾ ಹಾಗೆಯೇ ಇರುತ್ತದೆಯೋ, ಅಥವಾ ಏನೂ ಅನ್ನಿಸುವುದೇ ಇಲ್ಲವೋ ಎಂದು ಯೋಚಿಸಿದೆ. ಕೇಳುವಂಥ ಪ್ರಶ್ನೆಯಲ್ಲ.

ಆದ್ದರಿಂದ ಉತ್ತರ ಇಷ್ಟು. ಚಿಕ್ಕ ನೊಣ, ಗಿಡ್ಡ ದಾರ, ದಡದ ಹತ್ತಿರ. ದೂರದ ಆಸೆ ಬಿಟ್ಟರೆ ನಿನಗೆ ಮೊದಲಿಗಿಂತ ಹೆಚ್ಚು ಮೀನು ಸಿಗುತ್ತದೆ. ಒಬ್ಬನೇ ಆಗುವುದಿಲ್ಲ. ಗಾಳ ಬಿಡಿಸಲು ಪಕ್ಕದಲ್ಲಿ ಇನ್ನೊಬ್ಬರು ಬೇಕು. ಬೇರೆಯವರು ಸಿಗದಿದ್ದರೆ ನಾನು ಬರುತ್ತೇನೆ. ಇದನ್ನು ಔದಾರ್ಯವೆಂದು ತಿಳಿಯಬೇಡ. ಬೆಳಗಿನ ಹೊತ್ತು ನಾನು ಹೇಗೂ ಅಲ್ಲೇ ಇರುತ್ತೇನೆ.

ಹಿಂದಿನ ಕೋಣೆಯಲ್ಲಿ ಗರಿಗಳನ್ನೂ ತೊಗಲುಗಳನ್ನೂ ಒಣಗಿಸುತ್ತೇನೆ, ಕರ್ಪೂರದ ವಾಸನೆಯಿದೆ. ತೆರವು ಮಾಡಬಹುದು. ದಡದಲ್ಲಿ ಮಂಜುಗಟ್ಟುವವರೆಗೆ ಇರು. ಅದರಾಚೆಗೆ ನಾನು ಯೋಚಿಸಿಲ್ಲ, ನೀನೂ ಯೋಚಿಸಿ ಬರಬೇಡ. ಮಂಗಳವಾರದ ಬಸ್ಸು ಈಗ ಅಂಗಡಿಯ ಮುಂದೆ ನಿಲ್ಲುವುದಿಲ್ಲ, ಸೇತುವೆಯ ಹತ್ತಿರ ಇಳಿಯಬೇಕು.

ಆಲಿಡಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಸೋಮವಾರ ಬೂಟಿನ ನೀರು ಸುರಿಯುತ್ತಾ ಗೇರ್ಟ್ ಮಾಮ ಇನ್ನೊಂದು ಮಾತು ಹೇಳಿದರು: "ನನ್ನ ಯಾಕೆ ನೆನೆಸಿದ್ಯೇ? ನಮ್ಮ ಗಾಳಕ್ಕೆ ಬಾಯಲ್ಲಿ ಸಿಕ್ಕೊಳ್ಳೋ ಹಿಮ್ಮುಳ್ಳು ಇಲ್ವಲ್ಲ, ಕೋಲು ತಗ್ಗಿಸಿ ದಾರ ಸಡಿಲ ಬಿಟ್ರೆ ಮೀನೇ ಉದುರಿಸ್ಕೊಂಡು ಹೋಗತ್ತೆ." ನಿನ್ನೆ ಮಾಡಿ ನೋಡಿದೆ. ನಿಜ. ಯಾರೂ ಬೇಕಾಗಲಿಲ್ಲ. ಇದನ್ನು ನಿನಗೆ ಬರೆಯದೆ ಇರೋಣವೆಂದುಕೊಂಡಿದ್ದೆ. ಇದು ಗೊತ್ತಾದ ಮೇಲೂ ನಾನು ಪಕ್ಕದಲ್ಲಿ ನಿಂತಿರಬೇಕು ಅನ್ನಿಸುತ್ತದೆಯೇ, ಹಾರ್ಮ್?